ಹೋರಿ ಕೊಡಿಸಿದರೂ ಆಕಳು ಗಬ್ಬ ನಿಲ್ಲುತ್ತಿಲ್ಲವೇ? ಗೋದಲಿಯ ಲೆಕ್ಕ ಹಿಂದಕ್ಕೆ ಎಣಿಸಿ

ಹೋದ ವರ್ಷ ದೀಪಾವಳಿ ಹೊತ್ತಿಗೆ ನಮ್ಮ ಹೋರಿಗೆ 17 ತಿಂಗಳು. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ. ಮೈಕಟ್ಟು ಚೆನ್ನಾಗಿತ್ತು, ಕೂದಲು ಮಿಂಚುತ್ತಿತ್ತು, ಬೆದೆಗೆ ಬಂದ ಆಕಳು ಕಂಡರೆ ಹಗ್ಗ ಕಿತ್ತುಕೊಂಡು ಹೊರಡುತ್ತಿತ್ತು. ಎರಡು ತಿಂಗಳಲ್ಲಿ ಊರಿನ 9 ಆಕಳಿಗೆ ಕೊಡಿಸಿದೆವು. ಅದರಲ್ಲಿ 7 ಆಕಳು ಮೂರು ವಾರಕ್ಕೆ ತಿರುಗಿ ಬೆದೆಗೆ ಬಂದವು.

ನಮ್ಮದು ಮುಧೋಳ ತಾಲೂಕು, ಘಟಪ್ರಭಾ ದಂಡೆ. ಕಬ್ಬಿನ ಸೀಮೆ. ಆಕಳು ಒಂದು ಸಲ ಬೆದೆ ತಪ್ಪಿದರೆ ಮೂರು ವಾರದ ಹಾಲು ಹೋಯಿತು ಅಂತಲೇ ಲೆಕ್ಕ. 7 ಮನೆಯವರು ಬಂದು ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ನಾಲ್ಕು ತಿಂಗಳು ಇದರ ಹಿಂದೆ ಬಿದ್ದು, ಡಾಕ್ಟರ ಹತ್ತಿರ ಕೇಳಿ, ನಮ್ಮ ಹೋರಿ, ಅಥಣಿ ಕಡೆ ಇರುವ ಕಾಕಾನ ಹೋರಿ, ಇಂಡಿ ಊರಿನ ಬೀಗರ ಹೋರಿ, ಮೂರನ್ನೂ ಪಕ್ಕ ಪಕ್ಕ ಇಟ್ಟು ನೋಡಿದ ಮೇಲೆ ಗೊತ್ತಾಗಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮೂರರ ತೊಂದರೆಯೂ ಗೋದಲಿಯಿಂದಲೇ ಬಂದದ್ದು. ಆದರೆ ಮೂರೂ ಬೇರೆ ಬೇರೆ ತಪ್ಪು, ಬೇರೆ ಬೇರೆ ವಯಸ್ಸಿನಲ್ಲಿ ಆದ ತಪ್ಪು.

ಮೊದಲು, ತಪ್ಪು ಹೋರಿಯದೇ ಅಂತ ಖಾತ್ರಿ ಮಾಡಿಕೊಳ್ಳಿ

ಒಂದೇ ಆಕಳು ಮತ್ತೆ ಮತ್ತೆ ತಿರುಗುತ್ತಿದ್ದರೆ ಆಕಳನ್ನು ತೋರಿಸಿ. ಬೇರೆ ಬೇರೆ ಮನೆಯ, ಬೇರೆ ಬೇರೆ ಮೇವು ತಿನ್ನುವ ನಾಲ್ಕೈದು ಆಕಳು ತಿರುಗಿದರೆ ಹೋರಿಯನ್ನು ನೋಡಬೇಕು. ಇದಕ್ಕೊಂದು ಚೀಟಿ ಬೇಕೇ ಬೇಕು. ಯಾವ ಆಕಳು, ಯಾವ ತಾರೀಕು, 18ರಿಂದ 24 ದಿನದೊಳಗೆ ತಿರುಗಿತೋ ಇಲ್ಲವೋ ಅಂತ ಬರೆದಿಡಿ. ಕ್ಯಾಲೆಂಡರಿನ ಹಾಳೆಯ ಹಿಂದೆ ಬರೆದರೂ ಸಾಕು. ನಾವು ಬರೆದಿಟ್ಟಿರಲಿಲ್ಲ. ಹಾಗಾಗಿ ಮೊದಲ ತಿಂಗಳು ಪೂರ್ತಿ "ಇಲ್ಲ, ನಿಮ್ಮ ಆಕಳದೇ ಏನೋ ಇರಬೇಕು" ಅಂತ ಎಲ್ಲರಿಗೂ ಹೇಳುತ್ತಾ ಹೋದೆ. ಅದು ತಪ್ಪಾಗಿತ್ತು.

ಎರಡನೆಯದು, ಹೋರಿ ಏನು ಮಾಡುತ್ತಿಲ್ಲ ಅನ್ನೋದನ್ನು ಬಿಡಿಸಿ ನೋಡಿ. ಮೈ ಏರುವುದೇ ಇಲ್ಲ ಅಂದರೆ ಒಂದು ದಾರಿ: ಕಾಲು ನೋವು, ಸೊಂಟದ ನೋವು, ಜಾಸ್ತಿ ಕೊಬ್ಬು, ಅಥವಾ ಇನ್ನೂ ಪ್ರಾಯವೇ ಬಂದಿಲ್ಲ. ಚೆನ್ನಾಗಿ ಏರುತ್ತದೆ, ಕೆಲಸ ಮುಗಿಸುತ್ತದೆ, ಆದರೂ ಗಬ್ಬ ನಿಲ್ಲುವುದಿಲ್ಲ ಅಂದರೆ ವೀರ್ಯದಲ್ಲಿ ತೊಂದರೆ ಇರುವ ಅನುಮಾನ ಜಾಸ್ತಿ. ಹುರುಪು ಇದೆ ಅಂದ ಮಾತ್ರಕ್ಕೆ ವೀರ್ಯ ಸರಿ ಇದೆ ಅಂತ ಅಲ್ಲ. ನಾವೆಲ್ಲ ಮೋಸ ಹೋಗುವುದು ಇಲ್ಲೇ.

ಎರಡು ಲೆಕ್ಕ ತಲೆಯಲ್ಲಿ ಇಟ್ಟುಕೊಳ್ಳಿ

ಈ ಬರಹದಲ್ಲಿ ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ.

ಒಂದು ಸಣ್ಣ ಲೆಕ್ಕ. ಹೋರಿಯ ಬೀಜದಲ್ಲಿ, ಅಂದರೆ ವೃಷಣದಲ್ಲಿ, ಒಂದು ವೀರ್ಯಾಣು ಹುಟ್ಟಿ ತಯಾರಾಗೋಕೆ ಸುಮಾರು 61 ದಿನ ಬೇಕು. ಅದು ಬೀಜದ ಪಕ್ಕದ ನಾಳದಲ್ಲಿ ಬಲಿತು ಹೊರಗೆ ಬರಲು ಇನ್ನೂ ಎಂಟು ಹತ್ತು ದಿನ. ಒಟ್ಟು 70 ದಿನದ ಮೇಲೆ. ಅಂದರೆ ಇವತ್ತು ಹೋರಿ ಕೊಡುತ್ತಿರುವ ವೀರ್ಯ ಎರಡೂವರೆ ತಿಂಗಳ ಹಿಂದಿನ ಮೇವಿನದು, ಆಗಿನ ಜ್ವರದ್ದು, ಆಗಿನ ಬಿಸಿಲಿನದು. "ನಿನ್ನೆಯಿಂದ ಒಳ್ಳೆ ಹಿಂಡಿ ಹಾಕುತ್ತಿದ್ದೇವೆ, ಯಾಕೆ ಸರಿ ಹೋಗಲಿಲ್ಲ" ಅಂತ ಕೇಳುವುದಕ್ಕೆ ಅರ್ಥವಿಲ್ಲ.

ಇನ್ನೊಂದು ದೊಡ್ಡ ಲೆಕ್ಕ, ಕರುವಿನ ಮೊದಲ ಆರು ತಿಂಗಳದ್ದು. ಕರುವಿಗೆ ಎರಡು ತಿಂಗಳು ತುಂಬಿ ಐದು ತಿಂಗಳು ಆಗುವವರೆಗೆ ಮೆದುಳಿನ ಬುಡದಲ್ಲಿರುವ ಗ್ರಂಥಿಯಿಂದ ಬೀಜವನ್ನು ಎಬ್ಬಿಸುವ ಹಾರ್ಮೋನು ಒಂದು ಅಲೆಯ ಹಾಗೆ ಏರಿ ಇಳಿಯುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಕರು ಇನ್ನೂ ಕರುವೇ. ಆದರೆ ಒಳಗೆ, ಮುಂದೆ ವೀರ್ಯಾಣುಗಳನ್ನು ಸಾಕಿ ಬೆಳೆಸುವ ಸರ್ಟೋಲಿ ಅನ್ನೋ ಜೀವಕೋಶಗಳು ಆಗಲೇ ಹೆಚ್ಚುತ್ತಿರುತ್ತವೆ. ಆರೇಳು ತಿಂಗಳ ಹೊತ್ತಿಗೆ ಹೆಚ್ಚುವುದು ನಿಂತು ಹೋಗುತ್ತದೆ. ಆಮೇಲೆ ಎಷ್ಟು ತಿನ್ನಿಸಿದರೂ ಆ ಜೀವಕೋಶಗಳ ಎಣಿಕೆ ಏರುವುದಿಲ್ಲ. ಒಂದು ಜೀವಕೋಶ ಇಂತಿಷ್ಟೇ ವೀರ್ಯಾಣು ಸಾಕಬಲ್ಲದು. ಹಾಗಾಗಿ ಹೋರಿ ಜೀವಮಾನದಲ್ಲಿ ದಿನಕ್ಕೆ ಎಷ್ಟು ವೀರ್ಯ ಮಾಡಬಲ್ಲದು ಅನ್ನೋದರ ಮೇಲ್ಮಿತಿ ಹಾಲು ಕುಡಿಯುವ ವಯಸ್ಸಿನಲ್ಲೇ ಬಹುಮಟ್ಟಿಗೆ ನಿರ್ಧಾರವಾಗಿ ಹೋಗಿರುತ್ತದೆ.

ಆ ವಯಸ್ಸಿನಲ್ಲಿ ಹಸಿದ ಕರುವಿನಲ್ಲಿ ಆ ಹಾರ್ಮೋನಿನ ಅಲೆ ಸಣ್ಣದಾಗುತ್ತದೆ. ಪ್ರಾಯ ತಡವಾಗುತ್ತದೆ, ಬೀಜ ಸಣ್ಣದಾಗಿ ಉಳಿಯುತ್ತದೆ. ಚೆನ್ನಾಗಿ ತಿಂದ ಕರುವಿಗೆ ಬೇಗ ಪ್ರಾಯ ಬರುತ್ತದೆ, ಬೀಜ ದೊಡ್ಡದಾಗುತ್ತದೆ. ಇದನ್ನು ಎಚ್‌ಎಫ್ ಮತ್ತು ಮಾಂಸದ ತಳಿಗಳ ಹೋರಿಗಳ ಮೇಲೆ ಬೇರೆ ಬೇರೆ ದೇಶಗಳಲ್ಲಿ ಮತ್ತೆ ಮತ್ತೆ ನೋಡಿದ್ದಾರೆ.

ಈಗ ನಮ್ಮ ಕಡೆ ಗಂಡು ಕರುವಿನ ಪಾಡು ನೆನಪು ಮಾಡಿಕೊಳ್ಳಿ. ಹೆಣ್ಣು ಕರುವಾದರೆ ಒಂದು ಮೊಲೆ ಜಾಸ್ತಿ ಬಿಡುತ್ತೇವೆ. ಗಂಡಾದರೆ ಸೊರೆ ಬಿಡಿಸಲು ಎರಡು ನಿಮಿಷ ಬಿಟ್ಟು, ಎಳೆದು ಕಟ್ಟಿ, ಉಳಿದದ್ದೆಲ್ಲ ಡೇರಿಗೆ. ಅದೇ ಕರು ಹೇಗೋ ಬದುಕಿ ವರ್ಷ ದಾಟಿದ ಮೇಲೆ, ಅದರ ಬಣ್ಣ ನೋಡಿ "ಇದನ್ನ ಬೀಜದ ಹೋರಿ ಮಾಡೋಣ" ಅಂತೀವಿ ಅಲ್ವಾ?

ಟೇಪು ಹಿಡಿಯಿರಿ

ಕಣ್ಣಂದಾಜು ಬೇಡ. ಟೇಲರ್ ಟೇಪು ಸಾಕು.

ತೂಕಕ್ಕೆ: ಮುಂಗಾಲಿನ ಹಿಂದೆ ಎದೆ ಸುತ್ತಳತೆ ಇಂಚಿನಲ್ಲಿ ತೆಗೆಯಿರಿ. ಭುಜದ ಮೂಳೆಯ ತುದಿಯಿಂದ ಪೃಷ್ಠದ ಮೂಳೆಯ ತುದಿವರೆಗೆ ಉದ್ದ ತೆಗೆಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಕಿಲೋ ಲೆಕ್ಕದಲ್ಲಿ ತೂಕ ಬರುತ್ತದೆ. ಸುತ್ತಳತೆ 60, ಉದ್ದ 52 ಇದ್ದರೆ ಸುಮಾರು 284 ಕಿಲೋ. ಹತ್ತಿಪ್ಪತ್ತು ಕಿಲೋ ಹೆಚ್ಚುಕಡಿಮೆ ಬರಬಹುದು. ತಿಂಗಳಿಗೊಮ್ಮೆ ಅದೇ ಮನುಷ್ಯ, ಅದೇ ಟೇಪಿನಿಂದ, ಬೆಳಿಗ್ಗೆ ನೀರು ಕುಡಿಸುವ ಮುಂಚೆ ಅಳೆದರೆ ಏರುತ್ತಿದೆಯೋ ನಿಂತಿದೆಯೋ ಗೊತ್ತಾಗುತ್ತದೆ. ನಮಗೆ ಬೇಕಾದದ್ದು ಅದೇ. 30 ಕಿಲೋ ಹುಟ್ಟಿದ ಮಿಶ್ರತಳಿ ಕರು ದಿನಕ್ಕೆ 550 ಗ್ರಾಂ ಏರಿದರೆ 15 ತಿಂಗಳಿಗೆ ಹತ್ತಿರ ಹತ್ತಿರ 280 ಕಿಲೋ ಆಗುತ್ತದೆ. ಅದಕ್ಕಿಂತ ತುಂಬ ಕೆಳಗಿದ್ದರೆ ಬೆಳವಣಿಗೆಯಲ್ಲೇ ದೋಷ ಇದೆ ಅನ್ನಿ, ವೀರ್ಯದ ಮಾತು ಆಮೇಲೆ.

ಬೀಜದ ಸುತ್ತಳತೆ ಇನ್ನೂ ಮುಖ್ಯ. ಇದನ್ನು ಒಬ್ಬರೇ ಮಾಡಬೇಡಿ. ಹೋರಿಯನ್ನು ಪಶು ಆಸ್ಪತ್ರೆಯ ಕಟಾಂಜನದಲ್ಲಿ ನಿಲ್ಲಿಸಿ, ಮೂಗುದಾರ ಒಬ್ಬರು ಹಿಡಿದಿರಬೇಕು. ಅಳೆಯುವವರು ಎರಡೂ ಬೀಜಗಳನ್ನು ಚೀಲದ ತಳಕ್ಕೆ ಮೆಲ್ಲಗೆ ಇಳಿಸಿ, ಅಗಲವಾದ ಜಾಗದಲ್ಲಿ ಟೇಪು ಸುತ್ತುತ್ತಾರೆ. ವಿದೇಶಿ ತಳಿಯ ಹೋರಿಗಳಿಗೆ 28 ಸೆಂಟಿಮೀಟರ್ ಹತ್ತಿರ ಬಂದಾಗ ಪ್ರಾಯ ಶುರು ಅಂತ ಲೆಕ್ಕ. 15 ತಿಂಗಳಿಗೆ 30, ಎರಡು ವರ್ಷ ದಾಟಿದ ಮೇಲೆ 34 ಇರಬೇಕು ಅಂತ ಅಲ್ಲಿನ ಪಟ್ಟಿ ಹೇಳುತ್ತದೆ. ನಮ್ಮ ಮಿಶ್ರತಳಿಗೆ ಪ್ರಾಯ ಸ್ವಲ್ಪ ತಡ. ನಾಟಿ ಹೋರಿಗೂ ಕೋಣಕ್ಕೂ ಇನ್ನೂ ತಡ, ಕೋಣದ ಬೀಜ ಆಕಳ ಹೋರಿಗಿಂತ ಸಣ್ಣದೇ. ಹಾಗಾಗಿ ಈ ಅಂಕಿಗಳನ್ನು ಮುರ್ರಾ ಅಥವಾ ಪಂಢರಪುರಿ ಕೋಣದ ಮೇಲೆ ಹಾಕಿ ಅದನ್ನು ತಿರಸ್ಕರಿಸಬೇಡಿ.

ಮುಟ್ಟಿದಾಗ ಬೀಜ ಬಿಗಿಯಾಗಿ ಪುಟಿಯಬೇಕು. ಮೆತ್ತಗೆ ಹಿಟ್ಟಿನ ಉಂಡೆಯ ಹಾಗೆ ಇದ್ದರೆ, ಎರಡರಲ್ಲಿ ಒಂದು ತೀರಾ ಸಣ್ಣದಿದ್ದರೆ, ಬಿಸಿಯಾಗಿ ಊದಿದ್ದರೆ, ಡಾಕ್ಟರಿಗೆ ಅಲ್ಲೇ ಹೇಳಿ.

ಮೈ ದೊಡ್ಡದು, ಬೀಜ ಸಣ್ಣದು: ಕಾಕಾನ ಹೋರಿ

ಕಾಕಾನ ಹೋರಿಗೆ 20 ತಿಂಗಳು. ತೂಕ ಚೆನ್ನಾಗಿತ್ತು. ಬೀಜ 26 ಸೆಂಟಿಮೀಟರ್. ಆಕಳು ಕಂಡರೆ ಮೂಸಿ ಸುಮ್ನೆ ನಿಲ್ಲುತ್ತಿತ್ತು.

ಕೂತು ಹಿಂದಿನ ಕತೆ ಕೇಳಿದೆ. ಹುಟ್ಟಿದ ವರ್ಷ ಹಾಲಿಗೆ ರೇಟು ಚೆನ್ನಾಗಿತ್ತಂತೆ. ಕರುವಿಗೆ 25 ದಿನಕ್ಕೇ ಹಾಲು ಬಿಡಿಸಿ, ಗಂಜಿ ಮತ್ತು ಕಬ್ಬಿನ ವಾಡೆ (ಕಬ್ಬಿನ ತುದಿಯ ಎಲೆ) ಹಾಕಿದ್ದರು. ಜಂತಿನ ಔಷಧಿ ಕುಡಿಸಿರಲಿಲ್ಲ. ಹೊಟ್ಟೆ ಮಾತ್ರ ಗುಡಾಣದ ಹಾಗೆ, ಬೆನ್ನು ಮೂಳೆ. ವರ್ಷ ತುಂಬಿದ ಮೇಲೆ ಮಾರೋಣ ಅಂತ ಚೆನ್ನಾಗಿ ತಿನ್ನಿಸಿ ಮೈ ತುಂಬಿಸಿದ್ದರು. ಮೈ ತುಂಬಿತು, ಬೀಜ ತುಂಬಲಿಲ್ಲ. ಮೇಲೆ ಹೇಳಿದ ದೊಡ್ಡ ಲೆಕ್ಕ ಇದೇ.

ಇಂಥ ಹೋರಿಗೆ ಈಗ ಏನು ತಿನ್ನಿಸಿದರೂ ಪೂರ್ತಿ ಸರಿಯಾಗುವುದಿಲ್ಲ. ಬೀಜ ಬಲಪಡಿಸುವ ಪುಡಿ, ಟಾನಿಕ್ಕು ಅಂತ ಯಾರಾದರೂ ಮಾರಲು ಬಂದರೆ ದುಡ್ಡು ಕೊಡಬೇಡಿ. ಮೂರು ನಾಲ್ಕು ತಿಂಗಳು ಕಾದು ಮತ್ತೆ ಅಳೆಯಿರಿ. ಏರದಿದ್ದರೆ ಬೀಜದ ಕೆಲಸಕ್ಕೆ ಬಿಟ್ಟುಬಿಡಿ. ಕಾಕಾ ಅದನ್ನು ಬೀಜ ಒಡೆಸಿ ಗಳೇಕ್ಕೆ ಹಾಕಿದರು.

ಮುಂದಿನ ಕರುವಿಗೆ ಹೀಗೆ ಮಾಡಿ. ಹುಟ್ಟಿದ ಎರಡು ಗಂಟೆಯೊಳಗೆ ಎರಡು ಲೀಟರ್ ಗಿಣ್ಣದ ಹಾಲು ಹೊಟ್ಟೆಗೆ ಹೋಗಬೇಕು. ಆಮೇಲೆ ತೂಕದ ಹತ್ತರಲ್ಲಿ ಒಂದು ಪಾಲು ಹಾಲು, ಅಂದರೆ 30 ಕಿಲೋ ಕರುವಿಗೆ ದಿನಕ್ಕೆ 3 ಲೀಟರ್. ಇದಕ್ಕಿಂತ ಜಾಸ್ತಿ ಕೊಟ್ಟರೆ ಇನ್ನೂ ಒಳ್ಳೆಯದು. ಎರಡನೇ ವಾರದಿಂದ ಬಾಯಿಗೆ ಕರುವಿನ ಹಿಂಡಿ ರುಚಿ ಹತ್ತಿಸಿ: ಒಡೆದ ಗೊಂಜಾಳ (ಮೆಕ್ಕೆಜೋಳ) ಅರ್ಧದಷ್ಟು, ಒಳ್ಳೆ ಶೇಂಗಾ ಹಿಂಡಿ ಅಥವಾ ಸೋಯಾ ಹಿಂಡಿ ಮೂರರಲ್ಲಿ ಒಂದು ಪಾಲಿನ ಹತ್ತಿರ, ಉಳಿದದ್ದು ಗೋಧಿ ಬೂಸಾ, ಮೇಲೆ ನೂರಕ್ಕೆ 2ರಷ್ಟು ಖನಿಜ ಮಿಶ್ರಣ, 1ರಷ್ಟು ಉಪ್ಪು. ಕರು ಸತತ ಮೂರು ದಿನ ಮುಕ್ಕಾಲು ಕಿಲೋದಿಂದ ಒಂದು ಕಿಲೋ ತಿಂದರೆ ಆಗ ಹಾಲು ಬಿಡಿಸಿ, ತಾರೀಕು ನೋಡಿ ಬಿಡಿಸಬೇಡಿ. ಎಮ್ಮೆ ಕರುವಿಗೆ ತಾಯಿಯ ಹಾಲಿನಿಂದಲೇ ದುಂಡು ಜಂತು ಬರುತ್ತದೆ. ಅದಕ್ಕೆ ಹತ್ತು ಹದಿನೈದು ದಿನಕ್ಕೇ ಮೊದಲ ಔಷಧಿ ಕೇಳಿ ಕುಡಿಸಿ.

ಹಾಲಿನ ಲೆಕ್ಕ ಹಾಕಿದರೆ ಕೈ ಹಿಂದೆ ಬರುತ್ತದೆ, ನನಗೂ ಗೊತ್ತು. ಹುಟ್ಟಿದ ಎಲ್ಲ ಗಂಡು ಕರುವಿಗೂ ಇಷ್ಟು ಕೊಡಿ ಅಂತ ಹೇಳುತ್ತಿಲ್ಲ. ಬೀಜಕ್ಕೆ ಇಡಬೇಕು ಅನ್ನುವ ಕರುವನ್ನು ಹುಟ್ಟಿದ ವಾರವೇ ಆರಿಸಿ. ತಾಯಿಯ ಹಾಲು, ಅಜ್ಜಿಯ ಹಾಲು ನೋಡಿ ಆರಿಸಿ. ವರ್ಷ ತುಂಬಿದ ಮೇಲೆ ಆರಿಸುವುದು ತಡವಾದ ಆಯ್ಕೆ.

ಮೈ ಚಂದ, ಹುರುಪು ಚಂದ, ವೀರ್ಯ ಮಾತ್ರ ಸತ್ತದ್ದು: ನಮ್ಮ ಹೋರಿ

ಡಾಕ್ಟರ್ ಸಾಹೇಬರು ನಮ್ಮ ಹೋರಿಯ ವೀರ್ಯ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ನನಗೂ ತೋರಿಸಿದರು. ಎಣಿಕೆ ಚೆನ್ನಾಗಿಯೇ ಇತ್ತು. ಆದರೆ ಮುಂದಕ್ಕೆ ಈಜುವವು ಬಹಳ ಕಡಿಮೆ. ಬಹಳಷ್ಟು ಇದ್ದಲ್ಲೇ ಅಲುಗಾಡುತ್ತಿದ್ದವು. ಬಣ್ಣ ಹಾಕಿ ನೋಡಿದಾಗ ತಲೆ ಸರಿ, ಬಾಲ ಸರಿ, ನಡುವಿನ ಭಾಗ ಕೆಟ್ಟಿತ್ತು. ಅವರು ಮೇಲೆ ನೋಡಿ ಕೇಳಿದ್ದು ಒಂದೇ ಮಾತು.

"ಗ್ವಾದಲ್ಯಾಗ ಏನ್ ಹಾಕ್ತೀರಿ ಇದಕ್ಕ?"

"ಹಾಲಿನ ಎಮ್ಮಿಗೆ ಏನ್ ಹಾಕ್ತೀವೋ ಅದನ್ನ ಹಾಕ್ತೀವ್ರಿ ಸಾಹೇಬ್ರ. ಹತ್ತಿಕಾಳ ಹಿಂಡಿ, ನೆನಸಿದ ಹತ್ತಿಕಾಳ."

"ಎಷ್ಟ?"

"ಎರಡೂ ಕೂಡಿ ಮೂರು ಕಿಲೋ ಆಗ್ತದ್ರಿ."

ತೊಂದರೆ ಅಲ್ಲಿತ್ತು. ಹತ್ತಿಕಾಳಿನಲ್ಲಿ ಗಾಸಿಪಾಲ್ ಅನ್ನೋ ವಸ್ತು ಇದೆ. ಹತ್ತಿ ಗಿಡ ಹುಳಗಳಿಂದ ತನ್ನನ್ನು ಕಾಪಾಡಿಕೊಳ್ಳಲು ಮಾಡಿಕೊಂಡ ಹಳದಿ ವಿಷ. ಬೆಳೆದ ಎಮ್ಮೆ, ಆಕಳ ದೊಡ್ಡ ಹೊಟ್ಟೆಯಲ್ಲಿ ಅದು ಪ್ರೋಟೀನಿಗೆ ಅಂಟಿಕೊಂಡು ಬಹುಮಟ್ಟಿಗೆ ಕಟ್ಟಿಹೋಗುತ್ತದೆ. ಅದಕ್ಕೇ ಹಾಲಿನ ಎಮ್ಮೆಗೆ ಹತ್ತಿಕಾಳು ಹಾಕಿ ಬೆಣ್ಣೆ ಹೆಚ್ಚು ತೆಗೆಯುವ ನಮ್ಮ ಕಡೆಯ ರೂಢಿ ಕೆಟ್ಟದ್ದಲ್ಲ. ಎಳೆ ಕರುವಿಗೆ ಆ ಹೊಟ್ಟೆ ಇನ್ನೂ ತಯಾರಾಗಿರುವುದಿಲ್ಲ, ವಿಷ ನೇರ ರಕ್ತಕ್ಕೆ ಹೋಗುತ್ತದೆ. ಹೃದಯ, ಲಿವರ್ ಕೆಟ್ಟು ಕರು ಸಾಯಲೂಬಹುದು. ಬೆಳೆದ ಹೋರಿಯಲ್ಲಿ ತಪ್ಪಿಸಿಕೊಂಡು ರಕ್ತ ಸೇರಿದ ಸ್ವಲ್ಪ ಗಾಸಿಪಾಲ್ ಬೀಜಕ್ಕೆ ಹೋಗಿ ವೀರ್ಯಾಣುವಿನ ನಡುಭಾಗವನ್ನು ಕೆಡಿಸುತ್ತದೆ. ವೀರ್ಯಾಣುವಿಗೆ ಈಜುವ ಶಕ್ತಿ ಕೊಡುವುದೇ ಆ ನಡುಭಾಗ. ಹೋರಿಯ ಮೈ, ಕೂದಲು, ಹುರುಪು ಯಾವುದರಲ್ಲೂ ಇದು ಕಾಣುವುದಿಲ್ಲ. ಹಿಂಡಿಯಲ್ಲಿ ಪ್ರೋಟೀನೂ ಎಣ್ಣೆಯೂ ಇರುವುದರಿಂದ ಮೈ ಇನ್ನಷ್ಟು ಮಿಂಚುತ್ತದೆ.

ಇಡೀ ಕಾಳಿನಲ್ಲಿ ಬಿಡಿ ಗಾಸಿಪಾಲ್ ಜಾಸ್ತಿ. ಗಾಣದಲ್ಲಿ ಬಿಸಿಯಾಗಿ ಬಂದ ಹಿಂಡಿಯಲ್ಲಿ ಒಂದಿಷ್ಟು ಕಟ್ಟಿಹೋಗಿರುತ್ತದೆ, ಆದರೂ ಪೂರ್ತಿ ಅಲ್ಲ. ಕೆಲವರು ಇಷ್ಟರೊಳಗೆ ಹಾಕಬಹುದು ಅಂತ ಪ್ರಮಾಣ ಹೇಳುತ್ತಾರೆ. ನನ್ನ ಮಾತು ಕೇಳಿದರೆ, ಬೀಜದ ಹೋರಿಗೆ ಹತ್ತಿಕಾಳೂ ಬೇಡ, ಹತ್ತಿಕಾಳು ಹಿಂಡಿಯೂ ಬೇಡ. ಅಷ್ಟೇ ಪ್ರೋಟೀನು ಶೇಂಗಾ, ಸೋಯಾ, ಸೂರ್ಯಕಾಂತಿ ಹಿಂಡಿಯಲ್ಲಿ ಸಿಗುವಾಗ ಯಾಕೆ ಅಪಾಯ? ಅಂಗಡಿಯಲ್ಲಿ "ಮಿಕ್ಸ್ ಹಿಂಡಿ" ಅಂತ ತಂದರೆ ಅದರಲ್ಲಿ ಹತ್ತಿ ಇದೆಯೋ ಅಂತ ಕೇಳಿ. ಕೈಯಲ್ಲಿ ಪುಡಿ ಮಾಡಿದರೆ ಹತ್ತಿಯ ನವಿರು ನೂಲು, ಕಪ್ಪು ಸಿಪ್ಪೆ ಕಾಣುತ್ತದೆ.

ಇದರಲ್ಲಿ ಸಮಾಧಾನದ ಮಾತು ಒಂದಿದೆ. ನಿಲ್ಲಿಸಿದರೆ ಬಹುತೇಕ ಹೋರಿಗಳು ತಿರುಗಿ ಸರಿಹೋಗುತ್ತವೆ. ಆದರೆ 70 ದಿನದ ಲೆಕ್ಕ ಇಲ್ಲೂ ನಡೆಯುತ್ತದೆ.

ಬರೇ ಒಣ ಕಣಿಕೆ

ವಿಜಯಪುರ ಕಡೆಯವರು ಇದನ್ನು ಗಮನವಿಟ್ಟು ಓದಿ. ಬಿಳಿಜೋಳದ ಕಣಿಕೆ, ಅಂದರೆ ಒಣ ದಂಟು, ನಮ್ಮ ದನಗಳ ಜೀವ. ಬಣವೆ ಒಟ್ಟಿದ್ದರೆ ಬರಗಾಲಕ್ಕೂ ಧೈರ್ಯ. ಹೊಟ್ಟೆ ತುಂಬುತ್ತದೆ, ನಿಜ. ಆದರೆ ಅದರಲ್ಲಿ ಪ್ರೋಟೀನು ನೂರಕ್ಕೆ ನಾಲ್ಕರ ಆಸುಪಾಸು, ಬೆಳೆಯುವ ಹೋರಿಗೆ ಬೇಕಾದದ್ದು 14ರಿಂದ 16. ಇನ್ನು ಬಿಸಿಲಲ್ಲಿ ಒಣಗಿ ವರ್ಷ ಬಣವೆಯಲ್ಲಿ ಕೂತ ಕಣಿಕೆಯಲ್ಲಿ ಎ ಜೀವಸತ್ವ ಉಳಿದಿರುವುದೇ ಇಲ್ಲ ಅನ್ನಬಹುದು.

ಹಸಿರು ತಿಂದಾಗ ದನ ಎ ಜೀವಸತ್ವವನ್ನು ಲಿವರ್‌ನಲ್ಲಿ ಕೂಡಿಟ್ಟುಕೊಳ್ಳುತ್ತದೆ. ಆ ಗಂಟು ಕೆಲವು ತಿಂಗಳು ನಡೆಯುತ್ತದೆ. ಮಳೆ ಕೈಕೊಟ್ಟು, ದೀಪಾವಳಿಯಿಂದ ಕಾರಹುಣ್ಣಿಮೆವರೆಗೆ ಹಸಿರು ಎಲೆ ಕಾಣದ ಹೋರಿಯಲ್ಲಿ ಅದು ಖಾಲಿಯಾಗುತ್ತದೆ. ಮುಸ್ಸಂಜೆ ಹೊತ್ತಲ್ಲಿ ಹೋರಿ ಗೂಟಕ್ಕೆ, ಗೋಡೆಗೆ ಢಿಕ್ಕಿ ಹೊಡೆಯುತ್ತಿದ್ದರೆ, ಕಣ್ಣಲ್ಲಿ ನೀರು ಸುರಿಯುತ್ತಿದ್ದರೆ, ಚರ್ಮ ಒರಟಾಗಿ ಹೊಟ್ಟು ಉದುರುತ್ತಿದ್ದರೆ ಇದೇ ಅನುಮಾನ ಪಡಿ. ಬೀಜದಲ್ಲಿ ವೀರ್ಯಾಣು ತಯಾರಾಗುವ ಪದರವೂ ಇದೇ ಜೀವಸತ್ವದ ಮೇಲೆ ನಿಂತಿದೆ. ಸತುವು ಕಡಿಮೆಯಾದರೂ ಹೀಗೇ: ಚರ್ಮ ಒರಟು, ಬೀಜ ಸಣ್ಣದು.

ಮದ್ದು ದುಬಾರಿಯದ್ದೇನಲ್ಲ. ಬಾವಿಯ ದಂಡೆಗೆ ನಾಲ್ಕು ಸಾಲು ಕುದುರೆ ಮೆಂತೆ, ಬದುವಿಗೆ ನುಗ್ಗೆ, ಚೊಗಚೆ. ದಿನಕ್ಕೆ ಮೂರು ನಾಲ್ಕು ಕಿಲೋ ಹಸಿರು ಸಿಕ್ಕರೂ ಎಷ್ಟೋ ವಾಸಿ. ತೀರಾ ಇಲ್ಲದಿದ್ದರೆ ಡಾಕ್ಟರಿಂದ ಎ ಜೀವಸತ್ವದ ಸೂಜಿ. ಕಣಿಕೆಯನ್ನು ಕತ್ತರಿಸಿ, 100 ಕಿಲೋಗೆ 4 ಕಿಲೋ ಯೂರಿಯಾವನ್ನು ನೀರಲ್ಲಿ ಕರಗಿಸಿ ಚಿಮುಕಿಸಿ, ತಾಡಪತ್ರಿ ಬಿಗಿಯಾಗಿ ಮುಚ್ಚಿ 21 ದಿನ ಇಟ್ಟರೆ ಪ್ರೋಟೀನು ಏರುತ್ತದೆ. ಇದು ಆರು ತಿಂಗಳು ದಾಟಿದ ದನಕ್ಕೆ ಮಾತ್ರ. ಯೂರಿಯಾ ನೀರನ್ನು ದನ ನೇರ ಕುಡಿದರೆ ಸಾಯುತ್ತದೆ, ಬಕೆಟ್ಟು ಕಣ್ಣೆದುರಿಗೇ ತೊಳೆದಿಡಿ.

ಜಾತ್ರೆಗೆ ಕೊಬ್ಬಿಸಿದ ಹೋರಿ

ಇಂಡಿ ಊರಿನ ಬೀಗರು ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯ ದನದ ಸಂತೆಗೆ ಹೋರಿ ಹೊಡೆದುಕೊಂಡು ಹೋಗಬೇಕು ಅಂತ ಮೂರು ತಿಂಗಳು ಗೊಂಜಾಳದ ಹಿಟ್ಟು ತಿನ್ನಿಸಿದ್ದರು. ದಿನಕ್ಕೆ ಆರು ಕಿಲೋ, ಜೊತೆಗೆ ಬೆಲ್ಲ. ನೋಡಿದವರೆಲ್ಲ ಹೊಗಳಿದರು. ಕೊಂಡವರು ತಿಂಗಳಿಗೆ ವಾಪಸ್ ತಂದರು, ಹೋರಿ ಏರುವುದಿಲ್ಲ ಅಂತ.

ಇಲ್ಲಿ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಹಿಟ್ಟು ಜಾಸ್ತಿಯಾಗಿ ಕಣಿಕೆ ಕಡಿಮೆಯಾದರೆ ಹೊಟ್ಟೆಯಲ್ಲಿ ಹುಳಿ ಏರುತ್ತದೆ. ಸಗಣಿ ನೀರಾಗಿ, ನೊರೆಯಾಗಿ, ಹುಳಿ ವಾಸನೆ ಹೊಡೆಯುತ್ತದೆ, ಒಳಗೆ ಇಡೀ ಕಾಳು ಕಾಣುತ್ತದೆ. ಮೆಲುಕು ಕಡಿಮೆಯಾಗುತ್ತದೆ. ಆಮೇಲೆ ಗೊರಸಿನ ಒಳಗೆ ಉರಿ. ಹೋರಿ ಮೊಣಕಾಲು ಬಗ್ಗಿಸಿ ಮುಳ್ಳಿನ ಮೇಲೆ ನಡೆದ ಹಾಗೆ ನಡೆಯುತ್ತದೆ. ಮೈಯ ಭಾರವೆಲ್ಲ ಹಿಂಗಾಲ ಮೇಲೆ ಹಾಕಿ ಏರಬೇಕಾದ ಪ್ರಾಣಿಗೆ ಗೊರಸು ನೊಂದರೆ ಅದು ಏರುವುದಾದರೂ ಹೇಗೆ?

ಇನ್ನೊಂದು, ಬೀಜದ ಚೀಲದ ಕುತ್ತಿಗೆಯಲ್ಲಿ ಕೊಬ್ಬು. ಬೀಜ ಮೈಯಿಂದ ಹೊರಗೆ ಜೋತಾಡುವುದೇ ತಂಪಿಗಾಗಿ. ಒಳಮೈಗಿಂತ 2ರಿಂದ 6 ಡಿಗ್ರಿ ತಂಪಿದ್ದರೆ ಮಾತ್ರ ವೀರ್ಯಾಣು ಸರಿಯಾಗಿ ಬೆಳೆಯುತ್ತದೆ. ಚೀಲದ ಕುತ್ತಿಗೆಯಲ್ಲಿ ಬಳ್ಳಿಯ ಹಾಗೆ ಸುತ್ತಿಕೊಂಡ ರಕ್ತನಾಳಗಳು ಕೆಳಗೆ ಹೋಗುವ ಬಿಸಿ ರಕ್ತವನ್ನು ಆರಿಸುತ್ತವೆ. ಅಲ್ಲಿ ಕೊಬ್ಬು ತುಂಬಿದರೆ ಕಂಬಳಿ ಹೊದಿಸಿದ ಹಾಗೆ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲು, ಮೇಲೆ ತಗಡಿನ ಕೊಟ್ಟಿಗೆ, ಮೇಲೆ ಈ ಕೊಬ್ಬು. ಇನ್ನು ಹೊರಗಿಂದ ಟೇಪು ಹಿಡಿದರೆ ಸುತ್ತಳತೆ ಚೆನ್ನಾಗಿಯೇ ಬರುತ್ತದೆ, ಯಾಕೆಂದರೆ ಕೊಬ್ಬೂ ಅಳತೆಗೆ ಸೇರುತ್ತದೆ. ಚೀಲದ ಕುತ್ತಿಗೆ ಸಣ್ಣಗೆ ಇರಬೇಕು, ಬಾಟಲಿಯ ಹಾಗೆ. ಮೇಲಿಂದ ಕೆಳಗೆ ಒಂದೇ ದಪ್ಪ ಇದ್ದರೆ ಕೊಬ್ಬು ಅಂತ ತಿಳಿಯಿರಿ.

ಕರುವಿದ್ದಾಗ ಹೊಟ್ಟೆ ತುಂಬ ಕೊಡಿ, ವರ್ಷ ಸಮೀಪಿಸಿದ ಮೇಲೆ ಕೈ ಹಿಡಿಯಿರಿ. ನಾವು ಮಾಡುವುದು ಸರಿಯಾಗಿ ತಿರುಗುಮುರುಗು. ಬೀಗರ ಹೋರಿಯ ಹಿಟ್ಟನ್ನು ಒಮ್ಮೆಲೇ ನಿಲ್ಲಿಸದೆ ಎರಡು ಮೂರು ವಾರದಲ್ಲಿ ಇಳಿಸಿ, ದಿನಾ ಬೆಳಿಗ್ಗೆ ಎರಡು ಕಿಲೋಮೀಟರ್ ನಡೆಸಿ, ಗೊರಸು ಕೆತ್ತಿಸಿದರು. ಈಗ ಕುಂಟು ಹೋಗಿದೆ.

ವಾಡೆ, ಬೂಸಾ ಮತ್ತು ಉಚ್ಚೆ ಕಟ್ಟುವುದು

ಬೆಳಗಾವಿ, ಬಾಗಲಕೋಟೆಯ ಕಬ್ಬಿನ ಸೀಮೆಯಲ್ಲಿ ಕಾರ್ಖಾನೆ ನಡೆಯುವ ತಿಂಗಳುಗಳಲ್ಲಿ ವಾಡೆ ಬಿಟ್ಟರೆ ಬೇರೆ ಮೇವಿಲ್ಲ. ವಾಡೆಯಲ್ಲಿ ಆಕ್ಸಲೇಟ್ ಇದೆ, ಅದು ಕ್ಯಾಲ್ಸಿಯಂ ಹಿಡಿದುಕೊಂಡು ಮೈಗೆ ಸಿಗದ ಹಾಗೆ ಮಾಡುತ್ತದೆ. ನೇಪಿಯರ್ ಹುಲ್ಲಿನಲ್ಲೂ ಇದೆ. ಜೊತೆಗೆ ಬೂಸಾ, ತೌಡು ಜಾಸ್ತಿ ಹಾಕುತ್ತೇವೆ, ಅವುಗಳಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ಕಡಿಮೆ. ಎರಡೂ ಸೇರಿ ಲೆಕ್ಕ ತಲೆಕೆಳಗಾಗುತ್ತದೆ. ಕ್ಯಾಲ್ಸಿಯಂ ರಂಜಕದ ಎರಡರಷ್ಟು ಇರಬೇಕು. ಇಲ್ಲದಿದ್ದರೆ ಮೂಳೆ ಬಲಿಯುವುದಿಲ್ಲ, ಗಂಡು ದನದ ಉದ್ದ ಸಣ್ಣ ಮೂತ್ರನಾಳದಲ್ಲಿ ಹರಳು ಸಿಕ್ಕಿಕೊಳ್ಳುತ್ತದೆ.

ಹೋರಿ ಬಾಲ ಎತ್ತಿ ತಿಣುಕುತ್ತಾ, ಹನಿ ಹನಿ ಉಚ್ಚೆ ಹೊಯ್ಯುತ್ತಿದ್ದರೆ ನಾಳೆ ನೋಡೋಣ ಅನ್ನಬೇಡಿ. ಉಚ್ಚೆಯ ಚೀಲ ಒಡೆದರೆ ಹೋರಿ ಉಳಿಯುವುದು ಕಷ್ಟ. ಅವತ್ತೇ ಡಾಕ್ಟರು. ಬರದ ಹಾಗೆ ನೋಡಿಕೊಳ್ಳಲು ದಿನಕ್ಕೆ 40 ಗ್ರಾಂ ಖನಿಜ ಮಿಶ್ರಣ, ಒಂದು ಹಿಡಿ ಉಪ್ಪು, ಯಾವಾಗಲೂ ಮುಂದೆ ನೀರು. ವಾಡೆಯನ್ನು ಹಾಕುವ ಮೇವಿನ ಅರ್ಧಕ್ಕಿಂತ ಮೇಲೆ ಹೋಗಲು ಬಿಡಬೇಡಿ, ಉಳಿದದ್ದು ಕಣಿಕೆ, ತೊಗರಿ ಹೊಟ್ಟು, ಕಡಲೆ ಹೊಟ್ಟು.

ಬೂಷ್ಟು ಹಿಡಿದ ಶೇಂಗಾ ಹಿಂಡಿ, ಗೊಂಜಾಳ ಹೋರಿಗೂ ಬೇಡ, ಯಾವ ದನಕ್ಕೂ ಬೇಡ. ಲಿವರ್ ಕೆಡುತ್ತದೆ, ಬೆಳವಣಿಗೆ ನಿಲ್ಲುತ್ತದೆ.

ಮೇವು ಸರಿ ಇದ್ದರೂ ತೊಂದರೆ ಇದ್ದರೆ

ಮೂರು ತಿಂಗಳ ಹಿಂದೆ ಜ್ವರ ಬಂದಿತ್ತಾ ನೆನಪು ಮಾಡಿಕೊಳ್ಳಿ. ಮೂರು ದಿನದ ಜ್ವರ, ಕಾಲುಬಾಯಿ ಬೇನೆ, 2022ರಲ್ಲಿ ನಮ್ಮನ್ನೆಲ್ಲ ಅಳಿಸಿದ ಚರ್ಮಗಂಟು ರೋಗ, ಯಾವುದೇ ಆದರೂ ಮೈ ಬಿಸಿ ಬೀಜವನ್ನೂ ಸುಡುತ್ತದೆ, ವೀರ್ಯ ಎರಡೂವರೆ ತಿಂಗಳು ಕೆಡುತ್ತದೆ. ಒಂದು ಬೀಜ ಊದಿ ನೋವಿದ್ದರೆ ಬ್ರುಸೆಲ್ಲಾ ಪರೀಕ್ಷೆ ಮಾಡಿಸಿ. ಅದು ಮನುಷ್ಯರಿಗೂ ಅಂಟುವ ರೋಗ, ಹೋರಿಯನ್ನು ಆಕಳುಗಳ ಹತ್ತಿರ ಬಿಡಬೇಡಿ. ಏರಿದಾಗ ಹೋರಿಯಿಂದ ಆಕಳಿಗೆ, ಆಕಳಿಂದ ಹೋರಿಗೆ ದಾಟುವ ಬೇರೆ ಸೋಂಕುಗಳೂ ಇವೆ, ಅವುಗಳಲ್ಲೂ ಆಕಳು ತಿರುಗಿ ತಿರುಗಿ ಬೆದೆಗೆ ಬರುತ್ತದೆ. ಇನ್ನು ಮಿಶ್ರತಳಿ ಹೋರಿಗಳಲ್ಲಿ ತಳಿಯ ಕಾರಣಕ್ಕೇ ವೀರ್ಯ ಕಳಪೆಯಾಗುವುದು ಇದ್ದೇ ಇದೆ. ಎಲ್ಲವನ್ನೂ ಮೇವಿನ ತಲೆಗೆ ಕಟ್ಟುವುದು ಸರಿಯಲ್ಲ.

ಸರಿ ಮಾಡಿದ ಮೇಲೆ ಎಷ್ಟು ಕಾಯಬೇಕು

ನಮ್ಮ ಹೋರಿಗೆ ಹತ್ತಿಕಾಳು ನಿಲ್ಲಿಸಿದ ತಾರೀಕನ್ನು ಗೋಡೆ ಮೇಲೆ ಇದ್ದಿಲಲ್ಲಿ ಬರೆದೆ. ಆವತ್ತಿನಿಂದ ಹಾಕಿದ್ದು ಇಷ್ಟು: ಹಸಿರು ಮೇವು 12 ಕಿಲೋ, ಕಣಿಕೆ 3 ಕಿಲೋ, ಗೊಂಜಾಳ, ಶೇಂಗಾ ಹಿಂಡಿ, ಬೂಸಾ ಕೂಡಿಸಿ ಎರಡೂವರೆ ಕಿಲೋ, ಖನಿಜ ಮಿಶ್ರಣ, ಉಪ್ಪು. ಬೇರೆ ಏನನ್ನೂ ಬದಲಿಸಲಿಲ್ಲ. ಒಂದೇ ಸಲ ಹತ್ತು ಬದಲಾವಣೆ ಮಾಡಿದರೆ ಯಾವುದರಿಂದ ಸರಿಯಾಯಿತು ಅಂತ ತಿಳಿಯುವುದಿಲ್ಲ. ಆ ಮೂರು ತಿಂಗಳು ಯಾರ ಆಕಳಿಗೂ ಕೊಡಲಿಲ್ಲ. ಕೇಳಿ ಬಂದವರಿಗೆ ಇರುವ ವಿಷಯ ಹೇಳಿ, ಪಶು ಆಸ್ಪತ್ರೆಯಲ್ಲಿ ಕೃತಕ ಗರ್ಭಧಾರಣೆಯ ಸೂಜಿ ಮಾಡಿಸಿ ಅಂದೆ. ತಿಂಗಳಿಗೆ ಒಂದು ಸಲ ಪರೀಕ್ಷೆ. ಮೊದಲ ತಿಂಗಳು ಏನೂ ಬದಲಾಗಲಿಲ್ಲ, ಮನಸ್ಸು ಕುಗ್ಗಿತು. ಎರಡನೇ ತಿಂಗಳು ಸ್ವಲ್ಪ ಚಲನೆ. 94ನೇ ದಿನ ಡಾಕ್ಟರ್ ಸಾಹೇಬರು ಕೊಳವೆಯಿಂದ ಕಣ್ಣು ತೆಗೆಯದೆ ಕೈ ಸನ್ನೆ ಮಾಡಿ ಕರೆದರು. ಮಳೆಗಾಲದ ಮೊದಲ ನೀರಿಗೆ ಮೀನಿನ ಮರಿಗಳು ಎದುರೇರುವ ಹಾಗೆ ಇತ್ತು.

ಅದಾದ ಮೇಲೆ ಕೊಡಿಸಿದ 6 ಆಕಳಲ್ಲಿ 4 ನಿಂತಿವೆ. ಮೊದಲು ತಿರುಗಿದ ಆಕಳುಗಳಲ್ಲಿ ಎರಡು ಇದರಲ್ಲೇ ಇವೆ.

ನಮ್ಮ ದೊಡ್ಡ ಆಕಳಿಗೆ ಈ ಸಲವೂ ಗಂಡು ಕರು. ಈಗ ಅದಕ್ಕೆ ನಾಲ್ಕು ತಿಂಗಳು. ಅವ್ವ ದಿನಾ ಬೆಳಿಗ್ಗೆ ಡೇರಿಯ ಕ್ಯಾನಿಗೆ ಸುರಿಯುವ ಮುಂಚೆ ಅದರ ಪಾಲಿನ ಹಾಲು ಬೇರೆ ತಂಬಿಗೆಗೆ ತೆಗೆದಿಡುತ್ತಾಳೆ. ನಿನ್ನೆ ಟೇಪು ಹಿಡಿದಾಗ ತೂಕ 96 ಕಿಲೋ ಬಂತು.